ಆರು ವರ್ಷ ತುಂಬಿಸದೆ ಬಿಟ್ಟ ಪೀಪಾಯಿ: ಜೂರಾ ಸೀಮೆಯ ಉಪ್ಪು, ಚೀಸ್ ಮತ್ತು ಹಳದಿ ವೈನ್

ಈ ಬಾಟಲಿ ನೋಡಿ. ಸ್ವಲ್ಪ ಕುಳ್ಳ, ಭುಜ ಅಗಲ, ಮಾಮೂಲಿ ವೈನ್ ಬಾಟಲಿ ತರ ಇಲ್ಲ. ಫ್ರಾನ್ಸ್‌ನಲ್ಲಿ ಇದಕ್ಕೆ ಕ್ಲಾವ್ಲ್ಯಾಂ ಅಂತ ಹೆಸರು. ಖಾಲಿ ಬಾಟಲಿನೇ, ಆದ್ರೆ ತಳದಲ್ಲಿ ನಾಲ್ಕು ಹನಿ ಉಳಿಸಿ ಕಾರ್ಕ್ ಹಾಕಿ ತಂದಿದೀನಿ, ವಾಸನೆ ನಿಮಗೆಲ್ಲ ಗೊತ್ತಾಗ್ಲಿ ಅಂತ. ಮುಂದಿನ ಸಾಲಿಂದ ಶುರು ಮಾಡಿ, ಕಾರ್ಕ್ ತೆಗೆದು ಮೂಸಿ ನೋಡಿ, ಮುಚ್ಚಿ ಪಕ್ಕದವ್ರಿಗೆ ಕೊಡಿ. ವೈನ್ ಕುಡಿಯೋರು ಕುಡಿಯದೇ ಇರೋರು ಎಲ್ಲರೂ ಮೂಸಬಹುದು. ಆದ್ರೆ ಏನು ವಾಸನೆ ಅಂತ ಈಗ್ಲೇ ಹೇಳ್ಬೇಡಿ, ಮನಸ್ಸಲ್ಲಿ ಇಟ್ಕೊಳ್ಳಿ, ಆಮೇಲೆ ಕೇಳ್ತೀನಿ.

ಸಾಮಾನ್ಯ ವೈನ್ ಬಾಟಲಿ ಅಂದ್ರೆ 750 ಎಂಎಲ್. ಇದರಲ್ಲಿ ಹಿಡಿಯೋದು 620 ಮಾತ್ರ. ಯಾಕೆ ಈ ವಿಚಿತ್ರ ಲೆಕ್ಕ ಅಂತ ಅಲ್ಲಿ ಯಾರನ್ನ ಕೇಳಿದ್ರೂ ಒಂದೇ ಉತ್ತರ, ಒಂದು ಲೀಟರ್ ಹೊಸ ವೈನ್ ಪೀಪಾಯಿಯಲ್ಲಿಟ್ರೆ ಆರು ವರ್ಷ ಆದ್ಮೇಲೆ ಉಳಿಯೋದು ಇಷ್ಟು, ಮಿಕ್ಕ 380 ಎಂಎಲ್ ಗಾಳಿಗೆ ಹೋಯ್ತು. ಬೇರೆ ಕಡೆ ವೈನ್ ಮಾಡೋರಿಗೆ ಇದು ಕೇಳಿದ್ರೆ ಎದೆ ಒಡೆಯುತ್ತೆ. ಅಲ್ಲಿ ಪೀಪಾಯಿ ಸ್ವಲ್ಪ ಖಾಲಿ ಆದ್ರೂ ತಕ್ಷಣ ತುಂಬಿಸ್ತಾರೆ, ಗಾಳಿ ಸೇರಿದ್ರೆ ವೈನ್ ಹುಳಿದು ವಿನೆಗರ್ ಆಗುತ್ತೆ ಅನ್ನೋ ಭಯಕ್ಕೆ. ಜೂರಾದವರು ಮಾತ್ರ ಬೇಕಂತಲೇ ಬಿಡ್ತಾರೆ. ಅವರು ಹಾಗೆ ಬಿಡೋಕೆ ಹೇಗೆ ಕಲಿತ್ರು ಅನ್ನೋದನ್ನ ಇವತ್ತು ನಿಮಗೆ ಹೇಳ್ಬೇಕು ಅಂತ ಬಂದಿದೀನಿ. ನಾನು ಅಲ್ಲಿ ಪಕ್ಕದ ಬೆಸಾನ್ಸೋಂ ಊರಲ್ಲಿ ಕೆಲಸದ ಮೇಲೆ ಎರಡು ವರ್ಷ ಇದ್ದೆ, ರಜೆ ಸಿಕ್ಕಾಗೆಲ್ಲ ಈ ಹಳ್ಳಿಗಳನ್ನ ಸುತ್ತಿದೀನಿ, ಆ ಸೀಮೆ ಮೇಲೆ ನನಗೆ ತುಂಬಾ ಪ್ರೀತಿ ಇದೆ.

ಮೊದಲು ಜಾಗ ಎಲ್ಲಿ ಅಂತ ಹೇಳ್ಬಿಡ್ತೀನಿ. ಫ್ರಾನ್ಸ್‌ನ ಪೂರ್ವಕ್ಕೆ, ಸ್ವಿಟ್ಜರ್ಲೆಂಡ್ ಗಡಿಗೆ ಒರಗಿಕೊಂಡು ಒಂದು ಬೆಟ್ಟಸಾಲು, ಅದೇ ಜೂರಾ. ಆಲ್ಪ್ಸ್ ತರ ಚೂಪು ಶಿಖರಗಳಿಲ್ಲ, ಅತಿ ಎತ್ತರ ಅಂದ್ರೂ ಸುಮಾರು 1,720 ಮೀಟರ್, ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತ ಕಮ್ಮಿ. ಆದ್ರೆ ಚಳಿ ಅಂದ್ರೆ ಚಳಿ. ಮೂತ್ ಅನ್ನೋ ಹಳ್ಳಿಲಿ 1968ರ ಜನವರಿಯಲ್ಲಿ ಮೈನಸ್ 36.7 ಡಿಗ್ರಿ ದಾಖಲಾಗಿದೆ, ಅದನ್ನ ಪುಟ್ಟ ಸೈಬೀರಿಯಾ ಅಂತಲೇ ಕರೀತಾರೆ. ಇನ್ನೊಂದು ವಿಷಯ, ಡೈನೋಸಾರ್ ಹೆಸರು ಬಂದಾಗೆಲ್ಲ ನಮ್ಮ ಮಕ್ಕಳು ಜುರಾಸಿಕ್ ಜುರಾಸಿಕ್ ಅಂತಾರಲ್ಲ, ಆ ಪದ ಬಂದಿದ್ದು ಈ ಬೆಟ್ಟದಿಂದ. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ 1790ರ ದಶಕದಲ್ಲಿ ಇಲ್ಲಿ ಓಡಾಡಿ ಇಲ್ಲಿನ ಕಲ್ಲಿಗೆ ಜೂರಾ ಸುಣ್ಣದಕಲ್ಲು ಅಂತ ಹೆಸರಿಟ್ಟ, ಮುಂದೆ ಆ ಕಲ್ಲು ಹುಟ್ಟಿದ ಕಾಲಕ್ಕೇ ಅದೇ ಹೆಸರಾಯ್ತು. ಈ ಸುಣ್ಣದಕಲ್ಲನ್ನ ಮರೀಬೇಡಿ, ಮತ್ತೆ ಬರುತ್ತೆ.

ಈಗ ಯೋಚನೆ ಮಾಡಿ. ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ. ಬೇಸಿಗೆಲಿ ಹುಲ್ಲು ಸೊಂಟದವರೆಗೆ ಬೆಳೆಯುತ್ತೆ, ಹಸುಗಳು ಕೊಡ ಕೊಡ ಹಾಲು ಕೊಡುತ್ವೆ, ಆದ್ರೆ ಆ ಹಾಲನ್ನ ಹತ್ತಿರದ ಪೇಟೆಗೆ ಹೊತ್ತು ಮುಟ್ಟಿಸೋಷ್ಟರಲ್ಲಿ ಒಡೆದು ಹೋಗಿರುತ್ತೆ. ಹಂಗಾಗಿ ಈ ಜನರ ಮುಂದೆ ಇದ್ದ ಪ್ರಶ್ನೆ ರುಚಿದಲ್ಲ, ಕೆಡದ ಹಾಗೆ ಇಟ್ಕೊಳ್ಳೋದು ಹೇಗೆ ಅನ್ನೋದು. ನಾನು ಅಲ್ಲಿ ತಿಂದಿದ್ದು ಕುಡಿದಿದ್ದು ಎಲ್ಲವೂ ಆ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಕೆಡೋದಕ್ಕೂ ಪಕ್ವ ಆಗೋದಕ್ಕೂ ಮಧ್ಯೆ ಒಂದು ಗೆರೆ ಇದೆಯಲ್ಲ, ಆ ಗೆರೆ ಮೇಲೆ ನಿಂತೇ ಅವರು ಸಾವಿರ ವರ್ಷ ಬದುಕಿದಾರೆ.

ಕೆಡದ ಹಾಗೆ ಇಡ್ಬೇಕು ಅಂದ್ರೆ ಮೊದಲು ಬೇಕಾಗಿದ್ದು ಉಪ್ಪು. ಸಮುದ್ರ ನೂರಾರು ಮೈಲಿ ದೂರ, ಆದ್ರೆ ನೆಲದ ಕೆಳಗೆ ಉಪ್ಪಿತ್ತು. ಸಾಲ್ಯಾಂ ಅನ್ನೋ ಊರು, ಹೆಸರಲ್ಲೇ ಉಪ್ಪಿದೆ, ಅಲ್ಲಿ ಸುಮಾರು 250 ಮೀಟರ್ ಆಳದಿಂದ ಉಪ್ಪುನೀರು ಎತ್ತಿ, ಅಗಲ ಕಬ್ಬಿಣದ ಬಾಣಲೆಗಳಲ್ಲಿ ಹಗಲು ರಾತ್ರಿ ಕುದಿಸಿ ಉಪ್ಪು ತೆಗೀತಿದ್ರು. ಮಧ್ಯಯುಗದಲ್ಲಿ ಕಟ್ಟಿದ ಕಮಾನಿನ ಸುರಂಗ ಈಗಲೂ ಇದೆ, ಒಳಗೆ ಹೋದ್ರೆ ನೀರಿನ ಚಕ್ರ ತಿರುಗೋ ಸದ್ದು, ತಣ್ಣನೆ ಗಾಳಿ, ತುಟಿ ಮೇಲೆ ಉಪ್ಪಿನ ರುಚಿ. ಕುದಿಸೋಕೆ ಸೌದೆ ಬೇಕಲ್ಲ, ಸುತ್ತಲ ಕಾಡೆಲ್ಲ ಬೋಳಾಯ್ತು. ಆಗ ರಾಜನ ಕಡೆಯವರು ಏನು ಮಾಡಿದ್ರು ಗೊತ್ತಾ, ಸೌದೆನ ಉಪ್ಪಿನ ಹತ್ರ ತರೋ ಬದಲು ಉಪ್ಪುನೀರನ್ನೇ ಕಾಡಿನ ಹತ್ರ ತಗೊಂಡು ಹೋದ್ರು. ಮರದ ದಿಮ್ಮಿಗಳನ್ನ ಕೊರೆದು ಒಂದಕ್ಕೊಂದು ಜೋಡಿಸಿ 21 ಕಿಲೋಮೀಟರ್ ಪೈಪ್. ಅದರ ಆ ತುದೀಲಿ ಆರ್ಕ್ ಎ ಸನಾಂ ಅನ್ನೋ ಜಾಗದಲ್ಲಿ ಕ್ಲೋದ್ ನಿಕೊಲಾ ಲೆದು ಅನ್ನೋ ವಾಸ್ತುಶಿಲ್ಪಿ 1775ರಿಂದ 1779ರವರೆಗೆ ಕಟ್ಟಿದ ಉಪ್ಪಿನ ಕಾರ್ಖಾನೆ ಇದೆ, ಅರ್ಧಚಂದ್ರಾಕಾರ, ಒಳಗೆ ಹೆಜ್ಜೆ ಇಟ್ರೆ ಯಾವುದೋ ಅರಮನೆ ಅನ್ಸುತ್ತೆ. ಎರಡೂ ಈಗ ಯುನೆಸ್ಕೋ ಪಟ್ಟೀಲಿವೆ. ಸಾಲ್ಯಾಂನಲ್ಲಿ ಕೊನೆ ಬಾಣಲೆ ಆರಿದ್ದು 1962ರಲ್ಲಿ, ತೀರಾ ಹಳೇ ಕಾಲ ಏನಲ್ಲ.

ಇತಿಹಾಸ ಅಂತ ಬಂದಾಗ ಒಂದು ಮಾತು ಹೇಳ್ಲೇಬೇಕು, ಈ ಸೀಮೆ ಬಹಳ ಕಾಲ ಫ್ರಾನ್ಸೇ ಅಲ್ಲ. ಫ್ರಾಂಶ್ ಕೋಂತೆ ಅಂತ ಇದರ ಹೆಸರು, ಅದರಲ್ಲಿ ಸ್ವತಂತ್ರ ಅನ್ನೋ ಅರ್ಥ ಇದೆ. ಬರ್ಗಂಡಿಯ ಡ್ಯೂಕ್‌ಗಳ ಕೈಲಿತ್ತು, ಆಮೇಲೆ 1493ರಲ್ಲಿ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಹೋಯ್ತು, ಅಲ್ಲಿಂದ ಸ್ಪೇನ್ ರಾಜರಿಗೆ. ಫ್ರಾನ್ಸ್ ಬಿಡುತ್ತಾ? 1636ರಲ್ಲಿ ಆಗಿನ ರಾಜಧಾನಿ ದೋಲ್ ಊರನ್ನ ಮುತ್ತಿಗೆ ಹಾಕಿದ್ರು, ಊರು ಬಗ್ಗಲಿಲ್ಲ, ಆದ್ರೆ ಮುಂದಿನ ವರ್ಷಗಳ ಯುದ್ಧ, ಪ್ಲೇಗ್, ಬರ ಸೇರಿ ಜನಸಂಖ್ಯೆ ಅರ್ಧಕ್ಕೂ ಕೆಳಗಿಳೀತು. ಕೊನೆಗೆ 14ನೇ ಲೂಯಿ 1674ರಲ್ಲಿ ಗೆದ್ದ, 1678ರ ನೈಮೇಖನ್ ಒಪ್ಪಂದದಲ್ಲಿ ಅದು ಪಕ್ಕಾ ಆಯ್ತು. ಸೂರ್ಯರಾಜ ಅಂತ ಕರೆಸ್ಕೊಳ್ತಿದ್ದ ಆ ಲೂಯಿಯ ಮುಖ ನೋಡಬಾರ್ದು ಅಂತ ಸತ್ತಮೇಲೆ ತಮ್ಮನ್ನ ಬೋರಲಾಗಿ ಹೂಳಿ ಅಂತ ಹೇಳ್ತಿದ್ರಂತೆ ಇಲ್ಲಿನ ಮುದುಕರು. ದಂತಕಥೆ ಅಂತಲೇ ಇಟ್ಕೊಳ್ಳಿ, ಆದ್ರೆ ಇವತ್ತಿಗೂ ಅದನ್ನ ಹೇಳ್ಕೊಂಡು ಎದೆ ಉಬ್ಬಿಸ್ತಾರೆ. ಇದೇ ಹಠ 1834ರಲ್ಲಿ ಆರ್ಬ್ವಾ ಅನ್ನೋ ವೈನ್ ಊರಲ್ಲೂ ಕಾಣುತ್ತೆ. ಲಿಯೋಂನ ರೇಷ್ಮೆ ನೇಕಾರರು ದಂಗೆ ಎದ್ದಿದ್ರು, ಅವರ ಜೊತೆ ನಾವೂ ಇದೀವಿ ಅಂತ ಆರ್ಬ್ವಾದ ದ್ರಾಕ್ಷಿ ರೈತರು ಗಣರಾಜ್ಯ ಘೋಷಣೆ ಮಾಡ್ಬಿಟ್ರು, ಸೈನ್ಯದವರು ಬಂದು ನಿಮ್ಮ ನಾಯಕ ಯಾರು ಅಂತ ಕೇಳಿದ್ರೆ "ನಾವೆಲ್ಲರೂ ನಾಯಕರೇ" ಅಂದ್ರು. ಆ ಮಾತು ಈಗ ಊರಿನ ಧ್ಯೇಯವಾಕ್ಯದ ಹಾಗೆ ಆಗಿದೆ.

ಎಲ್ಲರೂ ನಾಯಕರೇ ಅನ್ನೋದನ್ನ ಅವರು ಹಾಲಿನ ವಿಷಯದಲ್ಲಿ ಅದಕ್ಕೂ ಆರುನೂರು ವರ್ಷ ಮುಂಚೆ ಕಲ್ತಿದ್ರು, ಅದಕ್ಕೇ ಈ ಭಾಗ ನನಗೆ ತುಂಬಾ ಮುಖ್ಯ ಅನ್ಸುತ್ತೆ. ಕೋಂತೆ ಅನ್ನೋ ಚೀಸ್ ಇದೆ, ಬಂಡಿ ಚಕ್ರದಂತೆ ದುಂಡಗೆ, ಒಂದೊಂದು ಸುಮಾರು 40 ಕೆಜಿ. ಅಂಥದ್ದೊಂದಕ್ಕೆ ಬೇಕಾಗೋ ಹಾಲು ಸುಮಾರು 400 ಲೀಟರ್. ಮಧ್ಯಯುಗದ ರೈತನ ಮನೇಲಿ ಎರಡು ಮೂರು ಹಸು, ಅವು ದಿನಕ್ಕೆ ಕೊಡೋದು ಎಷ್ಟು? ಒಬ್ಬನ ಕೈಲಿ ಆಗೋ ಕೆಲಸವೇ ಅಲ್ಲ. ಚಿಕ್ಕ ಚೀಸ್ ಮಾಡಿದ್ರೆ ಬೇಗ ಒಣಗಿ ಬಿರುಕು ಬಿಡುತ್ತೆ, ಚಳಿಗಾಲ ದಾಟಲ್ಲ. ದೊಡ್ಡದೇ ಆಗ್ಬೇಕು, ದೊಡ್ಡದಕ್ಕೆ ಇಡೀ ಹಳ್ಳಿ ಹಾಲು ಸೇರ್ಬೇಕು. ಹಾಗೆ ಹುಟ್ಟಿದ್ದು ಫ್ರುಯಿತಿಯೇರ್ ಅನ್ನೋ ಪದ್ಧತಿ, 13ನೇ ಶತಮಾನದ ಕಾಗದಪತ್ರಗಳಲ್ಲೇ ಇದರ ಪ್ರಸ್ತಾಪ ಇದೆ. ಹಣ್ಣಿನ ಪದದಿಂದ ಬಂದ ಹೆಸರು, ಶ್ರಮದ ಫಲ ಎಲ್ಲರೂ ಸೇರಿಸೋ ಜಾಗ ಅಂತ. ಬೆಳಿಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ಸಾಲು ನಿಂತು ಹಾಲು ಅಳೆಸಿ ಪುಸ್ತಕದಲ್ಲಿ ಬರೆಸಿ ಬರ್ತಾರಲ್ಲ ನಮ್ಮ ಮಂಡ್ಯ ಹಾಸನದ ಹಳ್ಳಿಗಳಲ್ಲಿ, ಆ ಚಿತ್ರ ಮನಸ್ಸಿಗೆ ತಂದ್ಕೊಳ್ಳಿ, ನಿಮಗೆ ಬೇರೆ ವಿವರಣೆ ಬೇಡ.

ನಿಯಮಗಳು ಕಟ್ಟುನಿಟ್ಟು. ಹಸು ಮೊಂಬೇಲಿಯಾರ್ಡ್ ತಳಿ ಆಗಿರ್ಬೇಕು, ಇಲ್ಲಾಂದ್ರೆ ಫ್ರೆಂಚ್ ಸಿಮೆಂಟಾಲ್. ಹುಲ್ಲು, ಒಣಹುಲ್ಲು ತಿನ್ಬೇಕು, ಗುಂಡಿಲಿ ಹುಳಿಸಿದ ರಸಮೇವು ಕೊಡೋ ಹಾಗಿಲ್ಲ. ಹಾಲು ಕಾಯಿಸದೆ ಹಸಿಯಾಗೇ ಬರ್ಬೇಕು. ದೊಡ್ಡ ತಾಮ್ರದ ಕೊಪ್ಪರಿಗೆಲಿ ಹೆಪ್ಪಾಗಿಸಿ, ಕತ್ತರಿಸಿ, ಬಿಸಿ ಮಾಡಿ, ಅಚ್ಚಿಗೆ ಹಾಕಿ ಒತ್ತಿ, ಆಮೇಲೆ ಸ್ಪ್ರೂಸ್ ಮರದ ಹಲಗೆ ಮೇಲೆ ಕಮ್ಮಿ ಅಂದ್ರೂ 120 ದಿನ. ಒಳ್ಳೇದು 18 ತಿಂಗಳು, 24 ತಿಂಗಳು ಕೂತಿರುತ್ತೆ. ಆ ಅಷ್ಟೂ ದಿನ ಅದನ್ನ ತಿರುವಿ ಹಾಕಿ ಉಪ್ಪುನೀರಲ್ಲಿ ಉಜ್ಜುತ್ತಾ ಇರ್ಬೇಕು. ಸ್ವಿಸ್ ಗಡಿ ಹತ್ರ ಸೈನಿಕರಿಗೆ ಅಂತ 19ನೇ ಶತಮಾನದಲ್ಲಿ ಕಟ್ಟಿದ ಸೇಂಟ್ ಆಂತ್ವಾನ್ ಕೋಟೆ ಇದೆ, ಮಣ್ಣಿನೊಳಗೆ ಹುದುಗಿರೋ ಕಲ್ಲಿನ ಕೋಟೆ, 1966ರಿಂದ ಅದರೊಳಗೆ ಚೀಸ್ ಮಾಗಿಸ್ತಾರೆ. ನಾನು ಒಳಗೆ ಹೋದಾಗ ಮೊದಲು ಕಣ್ಣಿಗೆ ನೀರು ಬಂತು, ಚೀಸ್‌ನಿಂದ ಬರೋ ಅಮೋನಿಯಾ ವಾಸನೆಗೆ. ಎರಡು ನಿಮಿಷ ಆದ್ಮೇಲೆ ಕಣ್ಣು ತೆರೆದು ನೋಡಿದ್ರೆ ಚಾವಣಿವರೆಗೆ ಹಲಗೆ ಹಲಗೆ ಚಕ್ರಗಳು, ಕೊನೆನೇ ಕಾಣ್ಸಲ್ಲ. ಮಾಗಿಸೋ ಆಸಾಮಿ ಒಂದು ಸಣ್ಣ ಸುತ್ತಿಗೆಯಂಥ ಸಲಕರಣೆಯಿಂದ ಚೀಸ್ ಮೇಲೆ ಟಕ್ ಟಕ್ ಅಂತ ತಟ್ಟಿ ಕಿವಿ ಕೊಟ್ಟು ಕೇಳ್ತಾನೆ, ಒಳಗೆ ಪೊಳ್ಳು ಬಿದ್ದಿದ್ಯಾ ಬಿರುಕಿದ್ಯಾ ಅಂತ ಸದ್ದಲ್ಲೇ ಗೊತ್ತಾಗುತ್ತೆ. ಹಲಸಿನ ಹಣ್ಣು ತಟ್ಟಿ ನೋಡಲ್ವಾ ನಾವು, ಹಾಗೇ.

ಮಾರುಕಟ್ಟೆಗೆ ಹೋಗೋ ಮುಂಚೆ ಪ್ರತಿಯೊಂದಕ್ಕೂ 20ಕ್ಕೆ ಅಂಕ. 14ಕ್ಕಿಂತ ಹೆಚ್ಚು ಬಂದ್ರೆ ಹಸಿರು ಪಟ್ಟಿ, 12ರಿಂದ 14 ಆದ್ರೆ ಕಂದು ಪಟ್ಟಿ, 12 ಕೂಡ ಬರ್ಲಿಲ್ಲ ಅಂದ್ರೆ ಕೋಂತೆ ಅಂತ ಮಾರೋಕೆ ಹಕ್ಕಿಲ್ಲ. ನೀವು ಯಾವಾಗಾದ್ರೂ ಅಲ್ಲಿ ಹೋದ್ರೆ ಬಣ್ಣಕ್ಕಿಂತ ತಿಂಗಳು ಕೇಳಿ ತಗೊಳ್ಳಿ, ಬೇಸಿಗೆ ಹಾಲಿಂದಾ ಚಳಿಗಾಲದ್ದಾ ಅಂತ್ಲೂ ಕೇಳಿ. ಹೂವು ಹಸಿಹುಲ್ಲು ತಿಂದ ಹಸುವಿನ ಹಾಲಿಂದ ಆದ ಚೀಸ್ ಹಳದಿಯಾಗಿರುತ್ತೆ, ಒಣಹುಲ್ಲಿನದ್ದು ಬೆಳ್ಳಗೆ, ರುಚಿನೂ ಬೇರೆ.

ಹಿಮ ಬಿದ್ದು ರಸ್ತೆ ಮುಚ್ಚಿ ಫ್ರುಯಿತಿಯೇರ್‌ಗೆ ಹಾಲು ಒಯ್ಯೋಕೆ ಆಗದ ದಿನಗಳಿರ್ತಿದ್ವು. ಆಗ ಮನೇಲೇ ಚಿಕ್ಕ ಚೀಸ್. ಸಂಜೆ ಕರೆದ ಹಾಲಿನದ್ದು ಅರ್ಧ ಮಾತ್ರ ಆಗೋದು, ಅದರ ಮೇಲೆ ಕೊಪ್ಪರಿಗೆ ತಳದ ಮಸಿ ಬಳಿದು ಮುಚ್ಚಿಟ್ಟು, ಬೆಳಿಗ್ಗೆ ಹಾಲಿನ ಹೆಪ್ಪನ್ನ ಅದರ ಮೇಲೆ ಸೇರಿಸೋರು. ಮೋರ್ಬಿಯೇ ಅನ್ನೋ ಚೀಸ್ ಕೊಯ್ದ್ರೆ ನಡುವೆ ಒಂದು ಕಪ್ಪು ಗೆರೆ ಕಾಣುತ್ತಲ್ಲ, ಅದು ಇದೇ, ಈ ಕಡೆ ರಾತ್ರಿ ಆ ಕಡೆ ಬೆಳಗು. ಈಗ ಮಸಿ ಬದಲು ಸಸ್ಯದ ಇದ್ದಿಲು ಹಾಕ್ತಾರೆ. ಇನ್ನು ಚೀಸ್ ತೆಗೆದ ಮೇಲೆ ಉಳಿಯೋ ನೀರು ಹಂದಿಗೆ ಹೋಗುತ್ತೆ, ಹಂದಿ ಮಾಂಸ ಮೋರ್ತೋ ಸಾಸೇಜ್ ಆಗುತ್ತೆ, ಮನೆ ಮಧ್ಯೆ ಕೋಣೆಯಷ್ಟು ಅಗಲದ ಮರದ ಚಿಮಣಿ ಕಟ್ಟಿ ಅದರೊಳಗೆ ಪೈನ್ ಜಾತಿ ಮರದ ಹೊಗೆಲಿ ಕನಿಷ್ಠ 48 ಗಂಟೆ ನೇತು ಹಾಕ್ತಾರೆ. ಅಡಿಕೆ ಒಲೆ ಅಟ್ಟದ ಮೇಲೆ ಸಾಮಾನು ಒಣಗಿಸೋ ಮಲೆನಾಡಿನವ್ರಿಗೆ ಆ ಕರಿ ಹಿಡಿದ ತೊಲೆಗಳ ವಾಸನೆ ಹೊಸದಲ್ಲ. ಅಂದ ಹಾಗೆ ಸೂಪರ್ ಮಾರ್ಕೆಟ್‌ನಲ್ಲಿ ನಗೋ ಹಸುವಿನ ಚಿತ್ರ ಇರೋ ತ್ರಿಕೋನ ಚೀಸ್ ನೋಡಿರ್ತೀರಿ, ಲಾಫಿಂಗ್ ಕೌ, ಅದೂ ಇದೇ ಸೀಮೆದು, ಲೋನ್ ಲ ಸೋನಿಯೇ ಅನ್ನೋ ಊರಲ್ಲಿ ಲೆಯೋನ್ ಬೆಲ್ 1921ರಲ್ಲಿ ನೋಂದಾಯಿಸಿದ ಹೆಸರು. ಚೀಸ್ ಕರಗಿಸಿ ಪ್ಯಾಕ್ ಮಾಡಿ ತಿಂಗಳುಗಟ್ಟಲೆ ಇಡೋ ವಿದ್ಯೆ. ರುಚಿಲಿ ಕೋಂತೆಗೆ ಹೋಲಿಸೋಕೆ ಆಗಲ್ಲ, ಆದ್ರೆ ಪ್ರಶ್ನೆ ಅದೇ ಹಳೇದು, ಕೆಡದ ಹಾಗೆ ಇಡೋದು ಹೇಗೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಕಥೆ ಹೇಳ್ತೀನಿ. ಪೊಂತಾರ್ಲಿಯೇ ಅನ್ನೋ ಊರಲ್ಲಿ ಆಬ್ಸಿಂತ್ ಅನ್ನೋ ಕಡು ಹಸಿರು ಮದ್ಯ ಮಾಡ್ತಿದ್ರು, ಪೆರ್ನೋ ಕಾರ್ಖಾನೆ. 1901ರ ಆಗಸ್ಟ್ 11ರಂದು ಸಿಡಿಲು ಬಡಿದು ಬೆಂಕಿ ಬಿತ್ತು, ದೊಡ್ಡ ತೊಟ್ಟಿಗಳು ಸಿಡಿದ್ರೆ ಊರೇ ಹೋಗುತ್ತೆ ಅಂತ ಆಬ್ಸಿಂತ್ ಅನ್ನ ಪಕ್ಕದ ದೂ ನದಿಗೆ ಹರಿಯ ಬಿಟ್ರು. ಎರಡು ದಿನ ಆದ್ಮೇಲೆ ಬೆಟ್ಟದ ಆಚೆ ಬೇರೆ ಕಣಿವೆಲಿ ಲೂ ಅನ್ನೋ ನದಿ ಹುಟ್ಟೋ ಜಾಗದಲ್ಲಿ ನೀರು ಆಬ್ಸಿಂತ್ ವಾಸನೆ ಹೊಡೀತಾ ಇದೆ! ಅಲ್ಲಿವರೆಗೆ ಎರಡೂ ಬೇರೆ ಬೇರೆ ನದಿ ಅಂದ್ಕೊಂಡಿದ್ರು. ದೂ ನದಿ ನೀರು ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳಿದು ಆ ಕಡೆ ಲೂ ಆಗಿ ಚಿಮ್ಮುತ್ತೆ ಅಂತ ಆಗ ತಿಳೀತು, ಕೆಲವು ವರ್ಷದ ನಂತರ ಬಣ್ಣ ಬೆರೆಸಿ ಪರೀಕ್ಷೆ ಮಾಡಿ ಖಚಿತ ಮಾಡ್ಕೊಂಡ್ರು. ಈ ಕಥೆನ ಅಲ್ಲಿ ಖುಷಿಯಾಗಿ ಹೇಳ್ತಾರೆ, ಆದ್ರೆ ನನಗೆ ಅದರ ಇನ್ನೊಂದು ಮುಖ ಕಾಡುತ್ತೆ. ಮೇಲೆ ಹೊಲಕ್ಕೆ ಸುರಿದದ್ದು ಸೋಸದೆ ಕೆಳಗೆ ನದಿಗೆ ಬರುತ್ತೆ ಅಂತ ತಾನೇ ಇದರರ್ಥ. 2009, 2010ರ ಹೊತ್ತಿಗೆ ಲೂ ನದಿಲಿ ಮೀನುಗಳು ರಾಶಿ ರಾಶಿ ಸತ್ತವು, ಪಾಚಿ ಕಟ್ಟಿತು. ಹಸುಗಳ ಸಗಣಿ ನೀರು, ಗೊಬ್ಬರ, ಊರ ಚರಂಡಿ, ಯಾವುದರ ಪಾಲು ಎಷ್ಟು ಅಂತ ಜಗಳ ಇನ್ನೂ ಇದೆ. ಚೀಸ್ ಗೆದ್ದಿದೆ, ಬೆಲೆ ಚೆನ್ನಾಗಿದೆ, ಹಾಗಂತ ಹಾಲು ಹೆಚ್ಚಿಸ್ತಾ ಹೋದ್ರೆ ಆ ಕಲ್ಲು ತಡ್ಕೊಳ್ಳಲ್ಲ. ಚೀಸ್ ಸಂಘದವರೇ ಒಂದು ಹೆಕ್ಟೇರ್‌ಗೆ ಇಷ್ಟೇ ಹಾಲು ಅಂತ ಮಿತಿ ಹಾಕಿರೋದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ, ಅದು ಇನ್ನೂ ಬಿಗಿ ಆಗ್ಬೇಕು.

ಸರಿ, ಈಗ ಬೆಟ್ಟ ಇಳಿಯೋಣ. ಪಶ್ಚಿಮಕ್ಕೆ ಬಯಲು ಶುರು ಆಗೋ ಮುಂಚೆ ಒಂದು ಇಳಿಜಾರು, ಉತ್ತರದ ಸಾಲ್ಯಾಂನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿ, ಅಲ್ಲೇ ದ್ರಾಕ್ಷಿ ತೋಟಗಳು. ಮೇಲೆ ಸುಣ್ಣದಕಲ್ಲು, ಕೆಳಗೆ ಬೂದು ನೀಲಿ ಬಣ್ಣದ ಜೇಡಿ, ಮಳೆ ಬಂದಾಗ ಕಾಲಿಟ್ರೆ ಚಪ್ಪಲಿ ಅಲ್ಲೇ ಉಳ್ಕೊಳ್ಳುತ್ತೆ. 19ನೇ ಶತಮಾನದ ಮಧ್ಯದಲ್ಲಿ ಇಲ್ಲಿ ಸುಮಾರು 20,000 ಹೆಕ್ಟೇರ್ ದ್ರಾಕ್ಷಿ ಇತ್ತು. ಆಮೇಲೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಹುಳ ಬೇರು ತಿಂತು, ರೈಲು ಬಂದು ದಕ್ಷಿಣದ ಅಗ್ಗದ ವೈನ್ ಸುರೀತು, ಮಹಾಯುದ್ಧದಲ್ಲಿ ಹುಡುಗರು ಹೋದ್ರು. ಈಗ ಉಳಿದಿರೋದು 2,000 ಹೆಕ್ಟೇರ್ ಆಸುಪಾಸು. ಹತ್ತರಲ್ಲಿ ಒಂದು! ಆರ್ಬ್ವಾ ಸುತ್ತ ನಡೆಯುವಾಗ ಕಾಡು ಅಂದ್ಕೊಂಡು ಒಳಗೆ ಹೋದ್ರೆ ಪೊದೆ ನಡುವೆ ಹಳೇ ತೋಟದ ಕಲ್ಲಿನ ಕಟ್ಟೆಗಳು ಸಿಗುತ್ವೆ. ಹಂಗಿದ್ರೂ 1936ರಲ್ಲಿ ಫ್ರಾನ್ಸ್ ಮೊಟ್ಟಮೊದಲು ಕೆಲವು ಊರುಗಳ ವೈನಿಗೆ ಕಾನೂನಿನ ರಕ್ಷಣೆ ಕೊಟ್ಟಾಗ ಆ ಮೊದಲ ತಂಡದಲ್ಲಿ ಆರ್ಬ್ವಾ ಇತ್ತು.

ಇಲ್ಲಿ ಪೂಲ್ಸಾರ್, ತ್ರುಸೋ ಅನ್ನೋ ಕೆಂಪು ತಳಿಗಳಿವೆ, ಹಣ್ಣನ್ನ ಹುಲ್ಲಿನ ಮೇಲೆ ಆರು ವಾರ ಒಣಗಿಸಿ ಮಾಡೋ ಸಿಹಿ ವೈನ್ ಇದೆ, ಅವೆಲ್ಲ ಇನ್ನೊಂದು ದಿನ. ನಾನು ಹೇಳ್ಬೇಕಾಗಿರೋದು ಈ ಬಾಟಲಿದು. ಇದು ವ್ಯಾಂ ಜೋನ್, ಅಂದ್ರೆ ಹಳದಿ ವೈನ್. ಸಾವಾನ್ಯಾಂ ಅನ್ನೋ ಒಂದೇ ಬಿಳಿ ದ್ರಾಕ್ಷಿಯಿಂದ ಮಾಡೋದು, ತಡವಾಗಿ ಕೊಯ್ಯೋದು, ಅಕ್ಟೋಬರ್ ಕೊನೆವರೆಗೂ ಬಳ್ಳಿ ಮೇಲೆ ಬಿಡ್ತಾರೆ. ಮಾಮೂಲಿ ವೈನ್ ತರಾನೇ ಹುದುಗಿಸಿ, 228 ಲೀಟರ್ ಹಳೇ ಓಕ್ ಪೀಪಾಯಿಗೆ ಹಾಕಿ, ನೆಲಮಾಳಿಗೆಲಿಟ್ಟು, ಆಮೇಲೆ ಸುಮ್ಮನಾಗ್ತಾರೆ. ವೈನ್ ಮರದ ಮೂಲಕ ಆವಿಯಾಗಿ ಇಳಿಯುತ್ತೆ, ಮೇಲೆ ಗಾಳಿ ಸೇರುತ್ತೆ. ಈ ಹೊತ್ತಿಗೆ ಅದು ವಿನೆಗರ್ ಆಗ್ಬೇಕು. ಆದ್ರೆ ಆ ನೆಲಮಾಳಿಗೆಗಳಲ್ಲಿ ತಲೆಮಾರುಗಳಿಂದ ನೆಲೆಸಿರೋ ಒಂದು ಯೀಸ್ಟ್ ವೈನ್ ಮೇಲ್ಮೈ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟುತ್ತೆ, ಕಾಯಿಸಿದ ಹಾಲಿನ ಮೇಲೆ ಕೆನೆ ಸುಕ್ಕು ಕಟ್ಟಿದ ಹಾಗೆ. ಫ್ರೆಂಚರು ಅದನ್ನ ಮುಸುಕು ಅಂತ ಕರೀತಾರೆ. ಆ ಮುಸುಕು ಗಾಳಿಯ ಆಮ್ಲಜನಕವನ್ನ ತಾನೇ ಬಳಸ್ಕೊಂಡು ಕೆಳಗಿನ ವೈನನ್ನ ಕಾಯುತ್ತೆ, ಜೊತೆಗೆ ಅದರ ರುಚಿನೂ ಬದಲಾಯಿಸ್ತಾ ಹೋಗುತ್ತೆ. ಕೊಯ್ಲಾದ ಆರನೇ ವರ್ಷದ ಡಿಸೆಂಬರ್ 15ರವರೆಗೆ ಹೊರಗೆ ತೆಗೆಯೋ ಹಾಗಿಲ್ಲ, ಅದರಲ್ಲಿ ಕನಿಷ್ಠ 60 ತಿಂಗಳು ಮುಸುಕಿನ ಕೆಳಗೇ ಇರ್ಬೇಕು, ಇದು ಕಾನೂನು.

ಎಲ್ಲಾ ಪೀಪಾಯಿನೂ ಗೆಲ್ಲಲ್ಲ, ಇದು ನೀವು ತಿಳ್ಕೊಬೇಕು. ಒಂದೇ ಮಾಳಿಗೆ, ಒಂದೇ ದ್ರಾಕ್ಷಿ, ಅಕ್ಕಪಕ್ಕದ ಎರಡು ಪೀಪಾಯಿ, ಒಂದು ಅಮೃತ ಆಗುತ್ತೆ ಇನ್ನೊಂದು ಹುಳಿಯುತ್ತೆ. ಅದಕ್ಕೇ ಆಗಾಗ ಸ್ಯಾಂಪಲ್ ತೆಗೆದು ಹುಳಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸ್ತಾ ಇರ್ತಾರೆ, ದಾರಿ ತಪ್ಪಿದ್ದು ಕಂಡ್ರೆ ಬೇಗನೇ ಹೊರಗೆ ತೆಗೆದು ಬೇರೆ ವೈನಿಗೆ ಬಳಸ್ತಾರೆ. ಶಾತೋ ಶಾಲೋಂ ಅಂತ ಒಂದು ಹಳ್ಳಿ, ಬಂಡೆಯ ತುದಿ ಮೇಲೆ ಕೂತಿದೆ, ಹಿಂದೆ ದೊಡ್ಡ ಮನೆತನದ ಸನ್ಯಾಸಿನಿಯರ ಮಠ ಇತ್ತು. ಅದರ ಹೆಸರಲ್ಲಿ ಹಳದಿ ವೈನ್ ಬಿಟ್ಟು ಬೇರೆ ಏನೂ ಮಾಡೋ ಹಾಗಿಲ್ಲ. ಕೊಯ್ಲಿಗೆ ಮುಂಚೆ ಸಮಿತಿಯವರು ತೋಟ ತೋಟ ಸುತ್ತಿ ಹಣ್ಣು ನೋಡ್ತಾರೆ, ಯೋಗ್ಯವಾಗಿಲ್ಲ ಅನ್ಸಿದ್ರೆ ಆ ವರ್ಷ ಇಡೀ ಊರು ಆ ಹೆಸರು ಬಿಟ್ಟುಕೊಡುತ್ತೆ. 1974, 1980, 1984, 2001, ಈ ನಾಲ್ಕು ವರ್ಷದ ಶಾತೋ ಶಾಲೋಂ ಪ್ರಪಂಚದಲ್ಲೇ ಇಲ್ಲ. ಆರು ವರ್ಷ ಕಾದು ದುಡ್ಡು ನೋಡೋ ರೈತ ಒಂದು ವರ್ಷದ ಬೆಳೆನ ಹಾಗೆ ಬಿಟ್ಟುಕೊಡೋದು ಅಂದ್ರೆ ಏನು ಅಂತ ಇಲ್ಲಿ ಬೇಸಾಯದ ಮನೆಯಿಂದ ಬಂದವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟೆಲ್ಲ ಮಾಡ್ತಿದ್ರೂ ಯಾಕೆ ಹೀಗಾಗುತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಅದನ್ನ ಹೇಳಿದವನು ಇದೇ ಸೀಮೆಯ ಹುಡುಗ. ಲೂಯಿ ಪಾಶ್ಚರ್, ಶಾಲೇಲಿ ಎಲ್ಲರೂ ಓದಿದೀವಿ. ಹುಟ್ಟಿದ್ದು 1822ರ ಡಿಸೆಂಬರ್ 27, ದೋಲ್‌ನಲ್ಲಿ. ಅಪ್ಪ ಚರ್ಮ ಹದ ಮಾಡೋ ಕಸುಬಿನವರು, ನೆಪೋಲಿಯನ್ ಸೈನ್ಯದಲ್ಲಿದ್ದವರು. 1827ರಲ್ಲಿ ಸಂಸಾರ ಆರ್ಬ್ವಾಗೆ ಬಂತು, ಹೊಳೆ ದಂಡೆ ಮೇಲೆ ಮನೆ, ಪ್ಯಾರಿಸ್‌ನಲ್ಲಿ ಎಷ್ಟು ದೊಡ್ಡ ಮನುಷ್ಯ ಆದ್ರೂ ಬೇಸಿಗೆ ರಜೆಗೆ ಆ ಮನೆಗೇ ವಾಪಸ್ ಬರ್ತಿದ್ರು. 1857ರಲ್ಲಿ ಅವರು ಮೊದಲು ಬರೆದಿದ್ದು ಹಾಲು ಹುಳಿಯೋ ವಿಷಯದ ಬಗ್ಗೆ, ಅಂದ್ರೆ ನಮ್ಮ ಮನೇಲಿ ದಿನಾ ರಾತ್ರಿ ನಡೆಯೋ ವಿಷಯ. ಅದು ಬರೀ ರಸಾಯನ ಕ್ರಿಯೆ ಅಲ್ಲ, ಒಂದು ಜೀವಿ ಮಾಡೋ ಕೆಲಸ ಅಂದ್ರು.

ಆ ಜೀವಿಗಳು ತಾವಾಗೇ ಹುಟ್ಟುತ್ವಾ, ಗಾಳಿಯಿಂದ ಬೀಳುತ್ವಾ ಅಂತ ಆಗ ದೊಡ್ಡ ವಾದ. 1860ರಲ್ಲಿ ಪಾಶ್ಚರ್ ಕುದಿಸಿದ ದ್ರವ ತುಂಬಿ ಮೂತಿ ಬೆಸೆದ ಗಾಜಿನ ಬುರುಡೆಗಳನ್ನ ಹೊತ್ಕೊಂಡು ಬಂದ್ರು. 20 ಬುರುಡೆಗಳನ್ನ ಆರ್ಬ್ವಾ ಬಯಲಲ್ಲಿ ತೆಗೆದು ಗಾಳಿ ಆಡಿಸಿ ಮುಚ್ಚಿದ್ರು, 8 ಕೆಟ್ಟವು. 20ನ್ನ ಸಾಲ್ಯಾಂ ಪಕ್ಕದ ಪೂಪೆ ಬೆಟ್ಟದ ಮೇಲೆ, ಸುಮಾರು 850 ಮೀಟರ್, 5 ಕೆಟ್ಟವು. ಮಿಕ್ಕ 20ನ್ನ ಆಲ್ಪ್ಸ್‌ನ ಹಿಮನದಿ ಹತ್ರ 2,000 ಮೀಟರ್ ಎತ್ತರದಲ್ಲಿ, ಕೆಟ್ಟಿದ್ದು ಒಂದೇ ಒಂದು. ಧೂಳು ಕಮ್ಮಿ ಆದಷ್ಟೂ ಕೆಡೋದು ಕಮ್ಮಿ. 1863ರಲ್ಲಿ ಮೂರನೇ ನೆಪೋಲಿಯನ್ ಫ್ರಾನ್ಸಿನ ವೈನ್ ಯಾಕೆ ಕೆಡ್ತಾ ಇದೆ ನೋಡಿ ಅಂತ ಕೇಳಿದಾಗ ಅವರು ಪ್ರಯೋಗಾಲಯ ಹೂಡಿದ್ದು ಮತ್ತೆ ಆರ್ಬ್ವಾದಲ್ಲೇ. ವೈನ್ ಮೇಲೆ ಕಟ್ಟೋ ಪೊರೆಗಳಲ್ಲಿ ಒಂದು ಜಾತಿ ವೈನನ್ನ ವಿನೆಗರ್ ಮಾಡುತ್ತೆ, ಇನ್ನೊಂದು ಜಾತಿ ಮಾಡಲ್ಲ ಅಂತ ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಮಾಡಿ ತೋರಿಸಿದ್ರು. ಹದವಾಗಿ 50-60 ಡಿಗ್ರಿಗೆ ಬಿಸಿ ಮಾಡಿದ್ರೆ ಕೆಡಿಸೋವು ಸಾಯುತ್ವೆ ಅಂತ ಕಂಡುಹಿಡಿದ್ರು. ನಮ್ಮ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಅಂತ ಇರುತ್ತಲ್ಲ, ಅದರ ಶುರು ಹಾಲಲ್ಲಲ್ಲ, ಆರ್ಬ್ವಾದ ವೈನಲ್ಲಿ.

ನನಗೆ ತುಂಬಾ ಇಷ್ಟವಾದ ಪ್ರಯೋಗ ಇನ್ನೊಂದಿದೆ. 1878ರಲ್ಲಿ ಕ್ಲೋದ್ ಬೆರ್ನಾರ್ ಅನ್ನೋ ದೊಡ್ಡ ವಿಜ್ಞಾನಿ, ಪಾಶ್ಚರ್ ಗೆಳೆಯರೇ, ತೀರಿಹೋದ್ರು. ಅವರು ಬಿಟ್ಟುಹೋದ ಟಿಪ್ಪಣಿ ಪ್ರಕಟ ಆಯ್ತು, ಅದರಲ್ಲಿ ಹುದುಗೋಕೆ ಹೊರಗಿನ ಜೀವಿ ಬೇಕಾಗಿಲ್ಲ ಅನ್ನೋ ಅರ್ಥದ ಮಾತಿತ್ತು. ಪಾಶ್ಚರ್ ಕಾಗದದ ಮೇಲೆ ವಾದ ಮಾಡ್ಕೊಂಡು ಕೂರ್ಲಿಲ್ಲ. ಆರ್ಬ್ವಾ ಪಕ್ಕ ಅವರದ್ದೇ ಒಂದು ಪುಟ್ಟ ದ್ರಾಕ್ಷಿ ತೋಟ ಇತ್ತು, ಕಾಯಿ ಇನ್ನೂ ಹಸಿರಿರುವಾಗಲೇ ಗಾಜಿನ ಮನೆ ಮಾಡಿಸಿ ತಂದು ಬಳ್ಳಿಗಳ ಮೇಲೆ ಮುಚ್ಚಿಸಿದ್ರು, ಗೊಂಚಲುಗಳಿಗೆ ಹತ್ತಿ ಸುತ್ತಿದ್ರು. ಅಕ್ಟೋಬರ್‌ನಲ್ಲಿ ಹಣ್ಣಾಯ್ತು. ಹೊರಗಿನ ದ್ರಾಕ್ಷಿ ಹಿಂಡಿದ್ರೆ ಕೆಲವೇ ದಿನದಲ್ಲಿ ನೊರೆ ಬಂದು ಹುದುಗಿತು, ಗಾಜಿನೊಳಗಿನದ್ದು ಹಿಂಡಿಟ್ರೆ ಹಾಗೇ ಕೂತಿತ್ತು. ಯೀಸ್ಟ್ ಹಣ್ಣಿನೊಳಗೆ ಇರೋದಲ್ಲ, ಸಿಪ್ಪೆ ಮೇಲೆ ಬಂದು ಕೂರೋದು! ಆ ಬಳ್ಳಿಗಳನ್ನ ಜೋಪಾನವಾಗಿ ರೈಲಲ್ಲಿ ಪ್ಯಾರಿಸ್‌ಗೆ ತಗೊಂಡು ಹೋಗಿ ವಿಜ್ಞಾನ ಅಕಾಡೆಮಿಯವರಿಗೆ ಕೊಟ್ಟು, ನೀವೇ ಹಿಂಡಿ ನೋಡಿ ಅಂದ್ರು. ಕೆಡೋದು ಯಾವುದು ಪಕ್ವ ಆಗೋದು ಯಾವುದು ಅಂತ ನೋಡ್ತಾ ಬೆಳೆದ ಊರಿನ ಹುಡುಗನಿಗೇ ಈ ಪ್ರಶ್ನೆ ಇಷ್ಟು ಹಿಡಿಸಿದ್ದು ನನಗೆ ಆಶ್ಚರ್ಯ ಅನ್ಸಲ್ಲ.

ಈಗ ಬಾಟಲಿ ಎಲ್ಲಿವರೆಗೆ ಹೋಯ್ತು? ಹೇಳಿ, ಏನು ವಾಸನೆ? ಒಣಗಿದ ವಾಲ್‌ನಟ್ ಅಂದ್ರು ಒಬ್ಬರು, ಸರಿ. ಸಾರಿನ ಪುಡಿ ಅಂದ್ರು. ಹೌದು, ಮೆಂತ್ಯ! ಆ ಮೂರನೇ ಸಾಲಿನ ಅಮ್ಮ ಹೇಳಿದ್ದು ನೂರಕ್ಕೆ ನೂರು. ಆರು ವರ್ಷದಲ್ಲಿ ಈ ವೈನ್‌ನಲ್ಲಿ ಸೊಟೊಲೋನ್ ಅನ್ನೋ ಒಂದು ವಸ್ತು ಹುಟ್ಟುತ್ತೆ, ನಮ್ಮ ಮೆಂತ್ಯಕಾಳಿಗೆ ಆ ವಾಸನೆ ಬರೋದೂ ಅದೇ ಸೊಟೊಲೋನ್‌ನಿಂದ. ಹುಳಿಪುಡಿಗೆ ಮೆಂತ್ಯ ಹುರಿಯುವಾಗ ಅಡುಗೆಮನೆ ತುಂಬೋ ವಾಸನೆ, ಬಾಣಂತಿ ಕೋಣೆಯ ಮೆಂತ್ಯದ ಹಿಟ್ಟಿನ ವಾಸನೆ, ಎರಡೂ ಅದೇ. ಅಲ್ಲಿನವರು ಕರ್ರಿ ವಾಸನೆ ಬರುತ್ತೆ ಅಂತ ವರ್ಣಿಸ್ತಾರೆ, ನನಗೆ ಮೊದಲ ಸಲ ಆರ್ಬ್ವಾದ ಮಾಳಿಗೆಲಿ ಗ್ಲಾಸ್ ಮೂಗಿನ ಹತ್ರ ತಂದಾಗ ನಮ್ಮಮ್ಮ ಒಲೆ ಮುಂದೆ ನಿಂತಿದ್ದು ಕಣ್ಣಿಗೆ ಬಂತು, ಎರಡು ನಿಮಿಷ ಮಾತು ಹೊರಡ್ಲಿಲ್ಲ.

ಇದನ್ನ ಅಡುಗೆಗೂ ಹಾಕ್ತಾರೆ. ಹಬ್ಬದ ದಿನ ಹುಂಜದ ಮಾಂಸ, ಮೊರೆಲ್ ಅಣಬೆ, ಕೆನೆ, ಹಳದಿ ವೈನ್. ಮೊರೆಲ್ ಅಂದ್ರೆ ಜೇನುಗೂಡಿನ ತರ ತೂತು ತೂತು ಇರೋ ಅಣಬೆ, ಕಾಶ್ಮೀರ ಹಿಮಾಚಲದ ಕಡೆ ಗುಚ್ಛಿ ಅಂತಾರಲ್ಲ ಅದು. ಒಣಗಿಸಿಟ್ಟ ಅಣಬೆ ನೆನೆಸಿ, ಕೋಳಿನ ಬೆಣ್ಣೇಲಿ ಬಾಡಿಸಿ, ವೈನ್ ಹಾಕಿ ಸಣ್ಣ ಉರೀಲಿ ಬೇಯಿಸಿ, ಕೊನೆಗೆ ಕೆನೆ, ಮೇಲೆ ಇನ್ನೊಂದು ಚಮಚ ವೈನ್ ಹಸಿಯಾಗೇ. ಮಾಂಸ ತಿನ್ನದವರು ಬರೀ ಅಣಬೆ ಕೆನೆಲಿ ಮಾಡ್ಕೊಂಡು ಬ್ರೆಡ್ ಜೊತೆ ತಿಂತಾರೆ, ಅದೂ ಅಷ್ಟೇ ಚೆಂದ. ಆದ್ರೆ ನನ್ನ ಕೇಳಿದ್ರೆ ಅಡುಗೆ ಏನೂ ಬೇಡ, 18 ತಿಂಗಳ ಕೋಂತೆ ಒಂದು ತುಂಡು, ನಾಲ್ಕು ವಾಲ್‌ನಟ್, ಒಂದು ಸಣ್ಣ ಗ್ಲಾಸ್ ಹಳದಿ ವೈನ್. ಫ್ರಿಜ್‌ನಿಂದ ತೆಗೆದು ತಣ್ಣಗೆ ಕುಡಿಯೋದು ತಪ್ಪು, 14-15 ಡಿಗ್ರಿ ಇರ್ಬೇಕು, ಕೆಲವು ಗಂಟೆ ಮುಂಚೆ ಕಾರ್ಕ್ ತೆಗೆದಿಡ್ಬೇಕು.

ಈಗಿನ ಪರಿಸ್ಥಿತಿ ಕೇಳಿದ್ರೆ ಒಂದು ಕಡೆ ಚೆನ್ನಾಗಿದೆ, ಯುವಕರು ವಾಪಸ್ ತೋಟಕ್ಕೆ ಬರ್ತಾ ಇದಾರೆ, ಜಪಾನ್ ಅಮೆರಿಕದಿಂದ ಬೇಡಿಕೆ ಇದೆ. ಇನ್ನೊಂದು ಕಡೆ ಚಳಿಗಾಲ ಬೆಚ್ಚಗಾಗಿ ಬಳ್ಳಿ ಬೇಗ ಚಿಗುರುತ್ತೆ, ಏಪ್ರಿಲ್‌ನಲ್ಲಿ ಒಂದು ರಾತ್ರಿ ಹಿಮ ಬಿದ್ದು ಚಿಗುರೆಲ್ಲ ಸುಟ್ಟ ಹಾಗಾಗುತ್ತೆ. 2017, 2019, 2021, ಮೂರು ಸಲ ಹೊಡೆತ, 2021ರಲ್ಲಂತೂ ಬಹುಪಾಲು ಬೆಳೆ ಹೋಯ್ತು. 2021ರ ದ್ರಾಕ್ಷಿಯ ಹಳದಿ ವೈನ್ ಹೊರಗೆ ಬರ್ಬೇಕಾಗಿದ್ದು 2028ರ ಸುಮಾರಿಗೆ, ಅಂದ್ರೆ ಆ ಒಂದು ರಾತ್ರಿಯ ಖಾಲಿ ಜಾಗ ಮಾರುಕಟ್ಟೆಲಿ ಕಾಣೋಕೆ ಅಷ್ಟು ವರ್ಷ ಬೇಕು.

ಎಷ್ಟು ದಿನ ಇಡಬಹುದು ಅಂತ ಅಲ್ಲಿ ಒಬ್ಬರು ಚೀಟಿ ಕಳ್ಸಿದಾರೆ. 2018ರಲ್ಲಿ ಲೋನ್ ಲ ಸೋನಿಯೇದಲ್ಲಿ ಒಂದು ಹರಾಜು ಆಯ್ತು, 1774ರ ಕೊಯ್ಲಿನ ಹಳದಿ ವೈನ್, ಆರ್ಬ್ವಾದ ಅನಾತ್ವಾಲ್ ವೆರ್ಸೆಲ್ ಅನ್ನೋ ರೈತ ಮಾಡಿದ್ದು, ಅವರ ವಂಶದವರೇ ಮಾಳಿಗೇಲಿ ಇಟ್ಕೊಂಡು ಬಂದಿದ್ರು. ಒಂದು ಬಾಟಲಿ 1,03,700 ಯೂರೋಗೆ ಹೋಯ್ತು. 16ನೇ ಲೂಯಿ ಪಟ್ಟಕ್ಕೆ ಬಂದ ವರ್ಷದ ದ್ರಾಕ್ಷಿ! ಅದೇ ಸರಕಿನ ಇನ್ನೊಂದು ಬಾಟಲಿನ 1994ರಲ್ಲಿ ತೆರೆದು ರುಚಿ ನೋಡಿದವರು ಹತ್ತಕ್ಕೆ ಒಂಬತ್ತಕ್ಕೂ ಮೇಲೆ ಅಂಕ ಕೊಟ್ಟಿದಾರೆ. ಇನ್ನು ತೆರೆದ ಬಾಟಲಿ ಎಷ್ಟು ದಿನ ಅಂದ್ರೆ, ಬೇರೆ ವೈನ್ ಎರಡು ಮೂರು ದಿನಕ್ಕೆ ಹೋಗುತ್ತೆ, ಇದು ಕಾರ್ಕ್ ಮುಚ್ಚಿಟ್ರೆ ವಾರಗಟ್ಟಲೆ ಏನೂ ಆಗಲ್ಲ, ಗಾಳಿ ಏನು ಮಾಡ್ಬೇಕೋ ಅದನ್ನ ಆರು ವರ್ಷದಲ್ಲಿ ಮಾಡಿ ಮುಗಿಸಿದೆ. ನಿಮ್ಮ ಕೈಲಿರೋ ಆ ನಾಲ್ಕು ಹನಿ ನಾನು ತೆರೆದು ಒಂದೂವರೆ ತಿಂಗಳಾಯ್ತು. ಹಿಂದಿನ ಸಾಲಲ್ಲಿ ಇಬ್ಬರಿಗೆ ಇನ್ನೂ ಸಿಕ್ಕಿಲ್ಲ ಅನ್ಸುತ್ತೆ, ಅವರಿಗೂ ಕೊಡಿ.